ನಿಮಿಷಕ್ಕೆ ನಲವತ್ತೈದು

ಅಲ್ಲ, ಬಲಗೈ ಇರಲಾರದು. ಬಲಗೈಯಲ್ಲಿ ಅಕ್ಕ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು, ಆದ್ದರಿಂದ ನಾನು ಹಿಡಿದದ್ದು ಎಡಗೈಯೇ ಇರಬೇಕು. ಆದರೆ ನೆನಪಿನಲ್ಲಿ ಪ್ರತಿಸಲ ಬಲಗೈಯೇ ಬರುತ್ತದೆ. ಎರಡು ಹಸಿರು ಬಳೆ, ಬಳೆಗಳ ಕೆಳಗೆ ನನ್ನ ಮೂರು ಬೆರಳು. ನನ್ನ ನೆನಪನ್ನು ನಾನು ನಂಬುವುದು ಕಡಿಮೆ. ಅದು ಪರೀಕ್ಷೆಗೆ ಕೂತ ಕೆಲವು ಹುಡುಗರ ಹಾಗೆ: ಉತ್ತರ ಗೊತ್ತಿಲ್ಲದಿದ್ದರೂ ಏನೋ ಒಂದು ದುಂಡಗೆ ಬರೆದು, ಕೆಳಗೆ ಗೆರೆ ಎಳೆದು ಕೊಡುತ್ತದೆ.

ಇದೆಲ್ಲ ಈಗ ಯಾಕೆ ಎಂದರೆ, ಮೊನ್ನೆ ಚಿಂತಾಮಣಿಯಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದರು. ಮುರುಗಮಲ್ಲದ ದರ್ಗಾಕ್ಕೆ ಹೋಗಿ ಹಿಂದಿರುಗುತ್ತಿದ್ದವರು, ಮಡಿಲಲ್ಲಿ ಸಕ್ಕರೆ ಪೊಟ್ಟಣ. ನನ್ನನ್ನು ಬಹಳ ಹೊತ್ತು ನೋಡಿ, ಕೊನೆಗೆ ಕಂಡಕ್ಟರನ್ನು ಕೂಗಿದರು. "ಗಾಡಿ ನಿಲ್ಸಪ್ಪ, ಇವ್ರಿಗೆ ಎದೆ ಹಿಡ್ಕೊಂಡದೆ!" ಬಸ್ಸು ನಿಂತಿತು. ಒಬ್ಬರು ನಿಂಬೆಹಣ್ಣು ಕೊಟ್ಟರು, ಒಬ್ಬರು ಕಿಟಕಿ ತೆಗೆದರು, ಹಿಂದಿನಿಂದ ಯಾರೋ ನನ್ನ ಚಪ್ಪಲಿ ಬಿಚ್ಚಲು ಶುರುಮಾಡಿದರು. ನನಗೆ ಏನೂ ಆಗಿರಲಿಲ್ಲ. ಖಾಲಿ ಕೂತಾಗ ನನ್ನ ಮಣಿಕಟ್ಟನ್ನು ನಾನೇ ಹಿಡಿದು ನಾಡಿ ಎಣಿಸುವುದು ನನ್ನ ಚಟ. ಮದುವೆಯ ಫೋಟೋದಲ್ಲಿ ಕೂಡ ನಾನು ಮದುಮಗಳ ಮಣಿಕಟ್ಟು ಹಿಡಿದಿದ್ದೇನೆ. ನೋಡಿದವರು ಶಾಸ್ತ್ರ ಎಂದುಕೊಂಡರು. ನಾನು ಎಣಿಸುತ್ತಿದ್ದೆ. ಎಪ್ಪತ್ತೆಂಟು.

ಈ ಚಟ ಅಂಟಿಸಿದ್ದು ಒಂದು ನಕ್ಷತ್ರ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆ ನಕ್ಷತ್ರವನ್ನು ನಾನು ಕಣ್ಣಿಂದ ಕಂಡವನೂ ಅಲ್ಲ.

ಅರವತ್ತೊಂಬತ್ತನೇ ಇಸವಿ ಇರಬೇಕು. ಮನುಷ್ಯರು ಚಂದ್ರನ ಮೇಲೆ ಕಾಲಿಡುತ್ತಾರಂತೆ ಎಂಬ ಮಾತು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲೂ ನಡೆಯುತ್ತಿತ್ತು. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಹೊಸದಾಗಿ ಸೇರಿದ ವಿಜ್ಞಾನದ ಮೇಷ್ಟ್ರು. ಎಲ್ಲರೂ ಚಂದ್ರನ ಬಗ್ಗೆ ಮಾತಾಡುತ್ತಿದ್ದರೆ ನನಗೆ ಅದಕ್ಕಿಂತ ದೂರದ್ದು ಬೇಕಿತ್ತು. ಇಪ್ಪತ್ತಮೂರರ ವಯಸ್ಸು, ಎಲ್ಲರೂ ನೋಡುವ ಕಡೆ ನೋಡಿದರೆ ಅವಮಾನ. ಚಿಕ್ಕಬಳ್ಳಾಪುರದ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಆ ಲೇಖನ ಸಿಕ್ಕಿತು. ಆಕಾಶದ ಒಂದು ಮೂಲೆಯಿಂದ ರೇಡಿಯೋ ಸದ್ದು ಬರುತ್ತಿದೆ, ಒಂದು ಸೆಕೆಂಡು ಮತ್ತು ಅದರ ಮೂರನೇ ಒಂದು ಪಾಲಿಗೆ ಒಂದು ಸಲ, ಒಂದಿಷ್ಟೂ ತಪ್ಪದೆ. ಮೊದಲು ಕೇಳಿಸಿಕೊಂಡವರು ಯಾವುದೋ ಲೋಕದ ಜೀವಿಗಳು ಕರೆಯುತ್ತಿರಬಹುದೇ ಎಂದು ಕೂಡ ಅನುಮಾನಪಟ್ಟರಂತೆ. ಆಮೇಲೆ ಗೊತ್ತಾಯಿತು, ಅದು ಸತ್ತ ನಕ್ಷತ್ರದ ಶೇಷ.

ಸತ್ತ ಎನ್ನುವುದೂ ಸರಿಯಲ್ಲ. ಸೂರ್ಯನಿಗಿಂತ ಬಹಳ ದೊಡ್ಡ ನಕ್ಷತ್ರವೊಂದು ಉರಿದು ಮುಗಿದಾಗ ಹೊರಮೈ ಸಿಡಿದು ಹೋಗುತ್ತದೆ, ಒಳಗಿನ ತಿರುಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಪರಮಾಣುಗಳ ಒಳಗಿನ ಖಾಲಿ ಜಾಗವೆಲ್ಲ ಹಿಂಡಿಹೋಗಿ, ಎಲೆಕ್ಟ್ರಾನು ಪ್ರೋಟಾನಿನೊಳಕ್ಕೆ ಒತ್ತಿಕೊಂಡು, ಉಳಿಯುವುದು ಬಹುಪಾಲು ನ್ಯೂಟ್ರಾನು. ಸೂರ್ಯನಷ್ಟು ಸರಕು, ಆದರೆ ಅಗಲ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಇರುವಷ್ಟು. ಅದನ್ನು ಒಂದು ಚಮಚ ತೆಗೆದರೆ ನಂದಿಬೆಟ್ಟದಷ್ಟು ತೂಗುತ್ತದೆ. ಈ ಹೋಲಿಕೆ ಪತ್ರಿಕೆಯದಲ್ಲ, ನನ್ನದು. ವಾಚನಾಲಯದ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ನಾನು ಪತ್ರಿಕೆ ಮಡಚಿಟ್ಟು ಬೆಟ್ಟ ನೋಡಿದೆ, ಆಮೇಲೆ ಎದುರಿನ ಹೋಟೆಲಿಗೆ ಹೋಗಿ ಕಾಫಿಯ ಚಮಚ ನೋಡಿದೆ. ಬೆಟ್ಟಕ್ಕಿಂತ ಚಮಚವೇ ನನ್ನನ್ನು ಹೆದರಿಸಿತು.

ಕುಗ್ಗಿದ ನಕ್ಷತ್ರ ಜೋರಾಗಿ ತಿರುಗುತ್ತದೆ ಎಂದು ಬರೆದಿತ್ತು. ಅದನ್ನು ಓದಿದಾಗ, ಇದು ನನಗೆ ಗೊತ್ತಿರುವ ವಿಷಯ ಅನ್ನಿಸಿತು. ಗೌರಿಬಿದನೂರಿನಲ್ಲಿ ನಾವು ಚಿಕ್ಕವರಿದ್ದಾಗ, ಅಂದರೆ ಐವತ್ತರ ದಶಕದ ಮೊದಲಲ್ಲಿ, ರೈಲ್ವೆ ಗೋಡೌನಿನ ಹಿಂದಿನ ಬಯಲಲ್ಲಿ ಗಿರಗಿರ ತಿರುಗುವ ಆಟ ಆಡುತ್ತಿದ್ದೆವು. ಅಪ್ಪ ಆ ಗೋಡೌನಿನಲ್ಲಿ ಗುಮಾಸ್ತರು. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ನಾಗರತ್ನ ಎರಡೂ ತೋಳು ಚಾಚಿ ನಿಧಾನವಾಗಿ ಶುರುಮಾಡಿ, ಥಟ್ಟನೆ ತೋಳು ಎದೆಗೆ ಮಡಚಿಕೊಳ್ಳುತ್ತಿದ್ದಳು. ಅವಳ ಜಡೆ ಮಾತ್ರ ಅಡ್ಡವಾಗಿ ಹಾರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಷ್ಟು ಜೋರಾಗಿ ಬೇರೆ ಯಾರೂ ತಿರುಗುತ್ತಿರಲಿಲ್ಲ.

ಅವಳ ಹದಿನಾಲ್ಕನೇ ವಯಸ್ಸಿನಲ್ಲಿ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂತು. ತಿಂಗಳಾನುಗಟ್ಟಲೆ ಮಲಗಿದಳು. ಎದ್ದಮೇಲೆ ತಿರುಗುವುದು ನಿಂತಿತು. ಬಯಲಿನ ಅಂಚಿನ ಕಲ್ಲಿನ ಮೇಲೆ ಕೂತು, ಯಾರು ಎಷ್ಟು ಸುತ್ತು ತಿರುಗಿದರು ಎಂದು ಎಣಿಸುವುದು ಅವಳ ಕೆಲಸವಾಯಿತು. ಆ ಜ್ವರ ಕೀಲು ಬಿಟ್ಟು ಎದೆಗೆ ಇಳಿದಿದೆ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅವಳು ಸಾದಲಿಗೆ ಮದುವೆಯಾಗಿ ಹೋಗಿ, ರೇಷ್ಮೆ ಹುಳದ ಮನೆಯಲ್ಲಿ ದುಡಿಯುತ್ತ, ಮೂರು ಮೆಟ್ಟಿಲು ಹತ್ತಿದರೆ ನಿಂತು ಉಸಿರೆಳೆದುಕೊಳ್ಳುವ ಹಾಗಾದಾಗ.

ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಅವಳನ್ನು ಕರೆದೊಯ್ದವನು ನಾನೇ. ಅವರು ವಯಸ್ಸಾದವರು, ಅವಸರವಿಲ್ಲದವರು. ಎದೆಯ ಒಂದು ಕವಾಟ ಕೆಟ್ಟಿದೆ, ಅದರಿಂದ ಬಡಿತ ದಿಕ್ಕು ತಪ್ಪಿದೆ ಎಂದರು. ದಿನಕ್ಕೆ ಒಂದು ಮಾತ್ರೆ, ವಾರಕ್ಕೆ ಐದು ದಿನ, ಎರಡು ದಿನ ಬಿಡುವು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಸೈನ್ಸ್ ಓದಿದೀಯಲ್ಲಪ್ಪ. ಒಂದು ಕೆಲ್ಸ ಮಾಡು. ವಾರಕ್ಕೊಂದ್ಸಲ ಹೋಗಿ ಪೂರ್ತಿ ಒಂದು ನಿಮಿಷ ನಾಡಿ ಎಣ್ಸು. ಅರವತ್ತರ ಕೆಳಕ್ಕೆ ಬಂತೋ, ಮಾತ್ರೆ ನಿಲ್ಸಿ ಸೀದಾ ಇಲ್ಲಿಗೆ ಕರ್ಕೊಂಡ್ ಬಾ. ಇದು ಜೀವ ಉಳ್ಸೋ ಮಾತ್ರೆ. ಹೆಚ್ಚಾದ್ರೆ ಅದೇ ಜೀವ ತೆಗೀತದೆ."

ನಾನು ತಲೆಯಾಡಿಸಿದೆ. ಎಷ್ಟು ಗಂಭೀರವಾಗಿ ಆಡಿಸಿದೆನೆಂದರೆ, ಅವರು ಹೇಳಿದ್ದಕ್ಕಿಂತ ನನ್ನ ತಲೆಯಾಡಿಸುವಿಕೆಯೇ ನನಗೆ ಚೆನ್ನಾಗಿ ನೆನಪಿದೆ.

ಹಾಗೆ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಸಾದಲಿಗೆ ಹೋಗುತ್ತಿದ್ದೆ. ಹುಳದ ಮನೆಯ ಬಾಗಿಲಲ್ಲಿ ಸುಣ್ಣದ ನೀರಿನ ಬಾನಿ. ಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಒಳಗೆ ನಸುಗತ್ತಲೆ, ಹಲಗೆಯ ಮೇಲೆ ಹಲಗೆ, ಅವುಗಳ ತುಂಬ ಬಿದಿರಿನ ತಟ್ಟೆ, ಸೊಪ್ಪು ಮೇಯುವ ಹುಳದ ಸದ್ದು. ಅದು ಮಳೆಯ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಕೇಳಿಸಿದ್ದೇ ಇಲ್ಲ. ಪರೀಕ್ಷೆಯ ಹಾಲಿನಲ್ಲಿ ಇನ್ನೂರು ಜನ ಒಟ್ಟಿಗೆ ಹಾಳೆ ತಿರುವಿದ ಹಾಗೆ ಕೇಳಿಸುತ್ತಿತ್ತು. ಅಕ್ಕ ಕೆಲಸ ನಿಲ್ಲಿಸದೆ ಒಂದು ಕೈ ಚಾಚುತ್ತಿದ್ದಳು. ನಾನು ವಾಚು ನೋಡುತ್ತ ಎಣಿಸುತ್ತಿದ್ದೆ.

ಅವಳ ನಾಡಿ ಎಣಿಸುವುದು ಸುಲಭವಾಗಿರಲಿಲ್ಲ. ಶಾಲೆ ಬಿಟ್ಟಾಗ ಮಕ್ಕಳು ಬಾಗಿಲಿಂದ ಬರುವುದನ್ನು ನೆನೆಸಿಕೊಳ್ಳಿ. ಮೂರು ಜನ ಒಟ್ಟಿಗೆ, ಆಮೇಲೆ ಯಾರೂ ಇಲ್ಲ, ಆಮೇಲೆ ಒಬ್ಬ, ಅವನನ್ನು ತಳ್ಳಿಕೊಂಡು ಇಬ್ಬರು. ತೊಂಬತ್ತು, ಎಂಬತ್ತಾರು, ಎಂಬತ್ತೆರಡು. ಪ್ರತಿ ವಾರ ಎಣಿಕೆ ಸ್ವಲ್ಪ ಇಳಿಯಿತು. ಆದರೆ ಆ ತಳ್ಳಾಟ ಇಳಿಯಲಿಲ್ಲ. ನನ್ನನ್ನು ಕಾಡಿದ್ದು ಅದು. ನನ್ನ ತಲೆಯಲ್ಲಿ ಆ ನಕ್ಷತ್ರ ಕೂತುಬಿಟ್ಟಿತ್ತು. ಎಷ್ಟೋ ಸಾವಿರ ವರ್ಷಗಳಿಂದ ಒಂದೇ ಸಮ ತಟ್ಟುತ್ತಿರುವ ಒಂದು ವಸ್ತು ಲೋಕದಲ್ಲಿರುವಾಗ, ನನ್ನ ಅಕ್ಕನ ಎದೆ ಯಾಕೆ ಒಂದು ನಿಮಿಷ ಸರಿಯಾಗಿ ತಟ್ಟಬಾರದು? ಒಂದೇ ಸಮ ಎಂದರೆ ಆರೋಗ್ಯ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಡಾಕ್ಟರಂತೂ ಹೇಳಿರಲಿಲ್ಲ. ನಾನೇ ಹೇಳಿಕೊಂಡಿದ್ದೆ.

ಈಗ ಆ ಭಾನುವಾರ.

ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂತು, ಚರ್ಮ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದಮೇಲಿನ ಒಂದು ವಾರ ಮನೆಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಹುಳ ಆವರೆಗೆ ತಿಂದದ್ದೆಲ್ಲ ಒಂದು ತೂಕ, ಆ ವಾರ ತಿನ್ನುವುದೇ ಒಂದು ತೂಕ. ಅಕ್ಕ ಆ ವಾರದ ಕೊನೆಯಲ್ಲಿದ್ದಳು. ನಾನು ಮಣಿಕಟ್ಟು ಹಿಡಿದೆ. ತಳ್ಳಾಡುತ್ತಿದ್ದ ಆ ಮಕ್ಕಳು ಈ ಸಲ ಸಾಲಾಗಿ ನಿಂತಿದ್ದರು. ಒಂದು. ಒಂದು. ಒಂದು. ಎಲ್ಲ ಒಂದೇ ಅಂತರ. ನಿಮಿಷ ಮುಗಿದಾಗ ನಲವತ್ತೈದು.

ಒಂದು ಸೆಕೆಂಡು ಮತ್ತು ಮೂರನೇ ಒಂದು ಪಾಲು ಎಂದರೆ ನಿಮಿಷಕ್ಕೆ ನಲವತ್ತೈದು. ನಕ್ಷತ್ರದ ಎಣಿಕೆಯೂ ಅಕ್ಕನ ಎಣಿಕೆಯೂ ಒಂದೇ. ಇಲ್ಲಿ ನಿಮಗೆ ಅನುಮಾನ ಬರಬೇಕು, ನನಗಂತೂ ಬರುತ್ತದೆ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ನಿಜ ಜೀವನದಲ್ಲಿ ನಡೆಯುವುದಿಲ್ಲ. ಬಹುಶಃ ಅದು ನಲವತ್ತೆಂಟು ಇತ್ತು, ನಾನು ಮೂರು ಕಳೆದೆ. ಬಹುಶಃ ಐವತ್ತು. ಅರವತ್ತಕ್ಕಿಂತ ಕಡಿಮೆ ಇತ್ತು ಎಂಬುದು ಮಾತ್ರ ಖಂಡಿತ, ಯಾಕೆಂದರೆ ಆಮೇಲೆ ನಡೆದದ್ದಕ್ಕೆ ಬೇರೆ ಕಾರಣವಿಲ್ಲ.

"ಅಕ್ಕಾ, ಸರಿಹೋಗಿದೆ!" ಎಂದೆ.

"ಏನೋ ಸರಿಹೋಗಿರೋದು?"

"ಒಂದೇ ಸಮ ಹೊಡೀತಿದೆ ಕಣೇ. ಗಡಿಯಾರ ಇದ್ದಂಗೆ."

"ಇಷ್ಟ್ ದಿನ ಏನಿದ್ದಂಗಿತ್ತು?"

"ಸಂತೆ ಇದ್ದಂಗೆ."

ಅವಳು ನಕ್ಕಳು. ನಾನು ಅಲ್ಲೇ, ಸೊಪ್ಪಿನ ಬುಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನಕ್ಷತ್ರದ ಕಥೆಯೆಲ್ಲ ಹೇಳಿದೆ. ನಿನ್ನಷ್ಟೇ ಎಣಿಕೆಗೆ ತಟ್ಟುವ ನಕ್ಷತ್ರ ಒಂದಿದೆ, ನೀನೂ ಅದೂ ಒಂದೇ ತಾಳ, ಎಂದೆ.

"ಅದಕ್ಕೂ ಹಿಂಗೇ ಮಾತ್ರೆ ಕೊಡ್ತಾರೇನೋ?" ಎಂದಳು.

ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವಳ ಅತ್ತೆ ತಲೆ ಎತ್ತಿದರು. ಗಡಿಯಾಚೆಯಿಂದ ಬಂದ ಅವರು ಕನ್ನಡ ತೆಲುಗು ಎರಡನ್ನೂ ಒಂದೇ ಒನಕೆಯಲ್ಲಿ ಕುಟ್ಟುತ್ತಿದ್ದರು. "ಏಮಿ ಮೇಷ್ಟ್ರಪ್ಪ, ನಕ್ಷತ್ರಕ್ಕೆ ನಾಡಿ ಹಿಡಿಯೋಕೆ ಹೋಗಿದ್ದೋರು ಯಾರು, ನೀನೇನಾ?"

ಊಟಕ್ಕೆ ಕೂತಾಗ ಅಕ್ಕ ಮುದ್ದೆ ಮುರಿಯಲಿಲ್ಲ. ಎರಡು ದಿನದಿಂದ ವಾಕರಿಕೆ, ಏನೂ ಸೇರುತ್ತಿಲ್ಲ ಎಂದಳು. ಭಾವ ಸಾರು ಸುರಿದುಕೊಳ್ಳುತ್ತ, "ಹುಳ ಮೇವು ಬಿಡೋ ಕಾಲ್ಕೆ ಸರ್ಯಾಗಿ ಇವ್ಳೂ ಬಿಟ್ಟವ್ಳೆ. ಇನ್ನೇನು, ಇವ್ಳನ್ನೂ ಎತ್ತಿ ಚಂದ್ರಂಕಿಗೆ ಹಾಕೋದು" ಎಂದ. ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ ಅದು, ಸುರುಳಿಸುರುಳಿಯಾಗಿ ಪಟ್ಟಿ ನಿಲ್ಲಿಸಿದ್ದು. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಾನು.

"ಸುಣ್ಣದ ಗೋಡೆ ಯಾಕೋ ಅರಿಶಿನ ಬಳ್ದಂಗೆ ಕಾಣ್ತದೆ," ಎಂದಳು ಅಕ್ಕ.

"ನಂಗೂ ಆಗ್ತದಮ್ಮ," ಎಂದರು ಅತ್ತೆ. "ಹುಳ ಹಣ್ಣಾಗೋದ್ ನೋಡೀ ನೋಡೀ ಕಣ್ಣಾಗೆ ಅದೇ ಬಣ್ಣ ಕೂತ್ಕೊಂತದೆ."

ನಮ್ಮ ಕಡೆಯ ಹುಳ ಹಣ್ಣಾದಾಗ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಗೂಡೂ ಹಳದಿ. ಬೇರೆ ಯಾವ ಊರಿನಲ್ಲಾದರೂ ಒಬ್ಬ ಹೆಂಗಸು ಊಟ ಬಿಟ್ಟು, ಬಿಳಿ ಗೋಡೆ ಹಳದಿ ಕಾಣುತ್ತದೆ ಎಂದರೆ ಯಾರಾದರೂ ಕೈತೊಳೆದು ಎದ್ದೇಳುತ್ತಿದ್ದರು. ಇಲ್ಲಿ ಹುಳವೂ ಅದನ್ನೇ ಮಾಡುತ್ತಿತ್ತು. ನಾನು ಎರಡು ಮುದ್ದೆ ಉಂಡು, ಮೂರು ಗಂಟೆಯ ಬಸ್ಸಿಗೆ ಹೊರಟೆ.

ಸೋಮವಾರ ಒಂಬತ್ತನೇ ತರಗತಿಗೆ ನಕ್ಷತ್ರದ ಪಾಠ ಮಾಡಿದೆ. ಪಠ್ಯದಲ್ಲಿರಲಿಲ್ಲ, ನನಗೆ ತಡೆಯಲಾಗಲಿಲ್ಲ. ಈ ನಕ್ಷತ್ರ ನಿಜವಾಗಿ ಮಿಡಿಯುವುದಿಲ್ಲ, ತಿರುಗುತ್ತದೆ ಎಂದು ವಿವರಿಸಬೇಕಿತ್ತು. ಅದರ ಅಯಸ್ಕಾಂತ ಶಕ್ತಿ ಭಯಂಕರ. ಆ ಶಕ್ತಿಯ ಎರಡು ತುದಿಗಳಿಂದ ಕಿರಣ ಚಿಮ್ಮುತ್ತದೆ, ತಿರುಗುವಾಗ ಒಂದು ಕಿರಣ ನಮ್ಮ ಮುಖಕ್ಕೆ ಹಾದಾಗ ನಮಗೆ ಒಂದು ತಟ್ಟು. ಸಮುದ್ರದ ದೀಪಸ್ತಂಭದ ಹಾಗೆ ಎಂದು ಪತ್ರಿಕೆ ಬರೆದಿತ್ತು. ಮಕ್ಕಳಾರೂ ಸಮುದ್ರ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹಾಗಾಗಿ ಬ್ಯಾಟರಿ ಹಿಡಿದು ನಾನೇ ಮೇಜಿನ ಮುಂದೆ ಸುತ್ತತೊಡಗಿದೆ. "ಬೆಳಕು ಆರಿಲ್ಲ, ನೋಡಿ. ನಿಮ್ಮ ಕಡೆ ಇಲ್ಲ ಅಷ್ಟೆ." ಅದರ ನಡುವಿನಲ್ಲಿ ಏನಿದೆ ಎಂದು ಯಾರಿಗೂ ತಿಳಿದಿಲ್ಲ ಎಂದೂ ಹೇಳಿದೆ. ಆಮೇಲೆ ಹೇಳಿದೆ: "ಇದು ಎಷ್ಟು ಕರಾರುವಾಕ್ಕಾಗಿ ಕಂಡ್ರೂ ಸ್ವಲ್ಪ ಸ್ವಲ್ಪವೇ ನಿಧಾನ ಆಗ್ತಾ ಇದೆ. ಪ್ರತಿ ಸುತ್ತಿಗೂ ಶಕ್ತಿ ಸೋರ್ತಾ ಇದೆ. ಒಂದು ದಿನ ಕಿರಣ ನಿಂತುಹೋಗುತ್ತೆ."

ಅಲ್ಲಿಗೆ ನಿಂತೆ. ಅರವತ್ತರ ಕೆಳಕ್ಕೆ ಬಂತೋ, ಎಂದಿದ್ದರು ಡಾಕ್ಟರು.

ಇದು ಒಂದು ಆವೃತ್ತಿ. ಇದರಲ್ಲಿ ನಾಟಕ ಜಾಸ್ತಿ, ಬ್ಯಾಟರಿ ಬೇರೆ ಇದೆ. ಇನ್ನೊಂದು ಆವೃತ್ತಿಯಲ್ಲಿ ಪಾಠ ಹಿಂದಿನ ವಾರವೇ ಮುಗಿದಿತ್ತು. ಸೋಮವಾರ ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದೆ, ಮುದ್ದೆಯನ್ನು ಮುಟ್ಟದೆ ಕೂತ ಅಕ್ಕನ ಮುಖ ಎದುರಿಗೆ ಬಂತು, ಅದರ ಹಿಂದೆಯೇ ಡಾಕ್ಟರ ಮಾತು. ಎರಡರಲ್ಲಿ ಯಾವುದು ನಿಜವೋ ತಿಳಿಯದು. ಎರಡರಲ್ಲೂ ಮುಂದಿನದು ಒಂದೇ. ಹೆಡ್ಮಾಸ್ಟರರಿಗೆ ಏನು ಹೇಳಿದೆನೋ, ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್ಸು ಹೊರಡಲೊಲ್ಲದು. ಮೇಲೆ ಖಾಲಿ ಗೂಡಿನ ಬುಟ್ಟಿಗಳನ್ನು ಕಟ್ಟುತ್ತಿದ್ದರು. ಒಂದು ಕಟ್ಟುವುದು, ಎರಡು ಜಾರುವುದು. ಕಂಡಕ್ಟರನಿಗೆ ಎರಡು ಸಲ ಹೇಳಿದೆ. ಮೂರನೇ ಸಲಕ್ಕೆ ಅವನು, "ಏನ್ ಸಾರ್, ನೀವಿಲ್ದೆ ಸಾದ್ಲೀಲಿ ಸೂರ್ಯ ಮುಳುಗಲ್ವಾ?" ಎಂದ. ಕೂತು ನನ್ನದೇ ನಾಡಿ ಹಿಡಿದೆ. ನೂರ ಹನ್ನೆರಡು. ಅವತ್ತು ಶುರುವಾದದ್ದು ಈ ಚಟ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಭಾನುವಾರ ನಲವತ್ತೈದಾದರೆ ಶನಿವಾರ ಎಷ್ಟಿತ್ತು, ಇವತ್ತು ಬೆಳಿಗ್ಗೆ ಮಾತ್ರೆ ನುಂಗಿರುತ್ತಾಳಲ್ಲ, ಈಗ ಎಷ್ಟು. ಬಸ್ಸು ಪ್ರತಿ ಊರಿನಲ್ಲೂ ನಿಂತಿತು. ಊರಿಲ್ಲದ ಕಡೆಯೂ ನಿಂತಿತು.

ಹುಳದ ಮನೆಗೆ ನುಗ್ಗಿದವನನ್ನು ಅತ್ತೆ ಬಾಗಿಲಲ್ಲೇ ತಡೆದರು. "ಕಾಲ್ ತೊಳ್ಕೊಳಪ್ಪ! ಹೊರಗಿನ್ ರೋಗ ಒಳಕ್ಕೆ ತರ್ಬ್ಯಾಡ!" ತೊಳೆದೆ. ಒಂದೇ ಕಾಲನ್ನು ಎರಡು ಸಲ ತೊಳೆದೆನಂತೆ. ಆಮೇಲೆ ಅವರೇ ಹೇಳಿ ನಗುತ್ತಿದ್ದರು.

ಒಳಗೆ ಹುಳ ಹಣ್ಣಾಗಿತ್ತು. ಆಳುಗಳು, ಭಾವ, ಎಲ್ಲರೂ ತಟ್ಟೆಗಳ ಮುಂದೆ ಕೂತು ಹಣ್ಣುಹುಳ ಆರಿಸಿ ಚಂದ್ರಂಕಿಗೆ ಬಿಡುತ್ತಿದ್ದರು. ಅಕ್ಕ ಗೋಡೆಗೆ ಒರಗಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಒಂದೊಂದೇ ಹುಳವನ್ನು ಬೆಳಕಿಗೆ ಹಿಡಿದು ನೋಡಿ ಇಡುತ್ತಿದ್ದಳು. ನನ್ನನ್ನು ನೋಡಿ, "ಇವತ್ತು ಭಾನುವಾರಾನಾ?" ಎಂದಳು.

ಮಣಿಕಟ್ಟು ತಣ್ಣಗಿತ್ತು. ಮೂವತ್ತೆಂಟು. ಅದರಲ್ಲೂ ಎರಡೆರಡು ಜೋಡಿಯಾಗಿ ಬಂದು, ಆಮೇಲೆ ಒಂದು ಖಾಲಿ. ಆ ಖಾಲಿಯ ಉದ್ದಕ್ಕೂ ನಾನು ಉಸಿರಾಡಲಿಲ್ಲ.

"ಮಾತ್ರೆ ಎಷ್ಟು ತಗೊಂತಿದೀಯ?"

"ಒಂದು."

"ನಿಜ ಹೇಳೇ."

ತಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದಳು. "ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನಾಲ್ಕನೇ ಜ್ವರ ಎದ್ದಾಗಿಂದ."

"ಬಿಡುವಿನ ದಿನ?"

"ಹುಳಕ್ಕೆ ಭಾನುವಾರ ಉಂಟೇನೋ?"

"ಯಾರ್ ಹೇಳಿದ್ರು ಎರಡು ತಗೋ ಅಂತ?"

"ಯಾರ್ ಯಾಕ್ ಹೇಳ್ಬೇಕು? ಕೊನೇ ವಾರ ಹುಳಕ್ಕೆ ಸೊಪ್ಪು ಎರಡರಷ್ಟು ಹಾಕ್ತೀವಿ. ಅವಾಗ ತಿಂದದ್ದೇ ಗೂಡಾಗೋದು. ದುಡಿಯೋ ವಾರ ನಂಗೂ ಎರಡರಷ್ಟು ಬೇಡ್ವಾ? ಮೊದಲ್ ಮೂರು ದಿನ ಎಷ್ಟ್ ಹಗುರಾಗಿದ್ದೆ ಗೊತ್ತಾ, ಅಟ್ಟ ಹತ್ತಿ ಇಳ್ದೆ ಕಣೋ."

ಹುಳ ಸಾಕುವವರು ಬಿಟ್ಟರೆ ಬೇರೆ ಯಾರೂ ಹಾಗೆ ಯೋಚಿಸಿರಲಾರರು. ಅದರಲ್ಲಿ ತಪ್ಪು ಹುಡುಕುವುದೂ ಕಷ್ಟ. ಅವಳಿಗೆ ಗೊತ್ತಿದ್ದ ಒಂದು ವಿದ್ಯೆ ಅವಳನ್ನು ಯಾವತ್ತೂ ಕೈಬಿಟ್ಟಿರಲಿಲ್ಲ.

ಚಿಕ್ಕಬಳ್ಳಾಪುರಕ್ಕೆ ಹೊರಡು ಎಂದೆ. ಹಣ್ಣುಹುಳ ಕಾಯುವುದಿಲ್ಲ, ತಟ್ಟೆಯಲ್ಲೇ ಬಿಟ್ಟರೆ ಅಲ್ಲೇ ಎಳೆ ಬಿಟ್ಟು ಹಾಳಾಗುತ್ತದೆ, ಸಂಜೆಗೆ ಮುಗಿಯುತ್ತದೆ, ಆಮೇಲೆ ಬರುತ್ತೇನೆ ಎಂದಳು. ನಾನು ಕೂಗಾಡಿದೆ. ಹುಳದ ಮನೆಯಲ್ಲಿ ಕೂಗಬಾರದು ಎಂದು ಭಾವ ನನ್ನ ಮೇಲೆ ಕೂಗಿದ. ಅತ್ತೆ ಎದ್ದು ಬಂದು ಸೊಸೆಯ ಕೆನ್ನೆ ಹಿಡಿದು ಮುಖ ಎತ್ತಿ ನೋಡಿದರು. ಏನು ಕಂಡರೋ. "ಲೇಮ್ಮಾ, ಲೇ," ಎಂದರು ಮೆಲ್ಲಗೆ. "ಎದ್ದೇಳು. ಹುಳ ಇನ್ನೊಂದ್ ಬೆಳೆ ಬರ್ತವೆ."

"ಈ ತಟ್ಟೆ ಒಂದು," ಎಂದಳು ಅಕ್ಕ.

ಅವಳನ್ನು ಎಬ್ಬಿಸಲು ಇದ್ದ ಹತ್ತಿರದ ದಾರಿ ಆ ತಟ್ಟೆ ಮುಗಿಸುವುದು. ಭಾವ ರಸ್ತೆಗೆ ಓಡಿದ, ಯಾವುದಾದರೂ ಗಾಡಿ ನಿಲ್ಲಿಸಲು. ನಾನೂ ಅತ್ತೆಯೂ ತಟ್ಟೆಗೆ ಕೈಹಾಕಿದೆವು. ಯಾವುದು ಹಣ್ಣು, ಯಾವುದು ಕಾಯಿ ಎಂದು ನನಗೆ ತಿಳಿಯದು. ಬೆರಳಿಗೆ ಸಿಕ್ಕ ತಣ್ಣನೆಯ ಮೆತ್ತನೆಯ ಜೀವಗಳನ್ನೆಲ್ಲ ಎತ್ತಿ ಹಾಕುತ್ತಿದ್ದೆ. "ಅಯ್ಯೋ ಅದಿನ್ನೂ ಮೇಯ್ತದೆ ಕಣೋ, ಇಡೋ ಕೆಳಗೆ!" ಎಂದು ಸಾಯುತ್ತಿರುವವಳು ನನ್ನ ಕೈಗೆ ಹೊಡೆದಳು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಇನ್ನೊಂದಿಲ್ಲ.

ಸಿಕ್ಕಿದ್ದು ಪೆರೇಸಂದ್ರದ ಕಡೆ ಹೊರಟಿದ್ದ ಕಡಲೇಕಾಯಿ ಲಾರಿ. ಭಾವ ಹಿಂದೆ ಮೂಟೆಗಳ ಮೇಲೆ, ನಾವಿಬ್ಬರು ಡ್ರೈವರನ ಪಕ್ಕ. ನಾನು ಅವಳ ಕೈ ಬಿಡಲಿಲ್ಲ. ಲಾರಿ 'ಗಡಗಡ' ಎನ್ನುವಾಗ ನಾಡಿ ಸಿಗುತ್ತಿರಲಿಲ್ಲ. ಸಿಗದಾಗಲೆಲ್ಲ ನಿಂತುಹೋಯಿತು ಎಂದುಕೊಳ್ಳುತ್ತಿದ್ದೆ. ಅದು ಅವಳಿಗೆ ಗೊತ್ತಾಗಿರಬೇಕು.

"ಆ ನಕ್ಷತ್ರದ್ ಕಥೆ ಪೂರ್ತಿ ಹೇಳ್ಲೇ ಇಲ್ವಲ್ಲ ಮೇಷ್ಟ್ರೇ," ಎಂದಳು.

ಏನು ಹೇಳುವುದು? ಅದರ ಮೇಲೆ ಬೆಟ್ಟವಿಲ್ಲ, ಅಷ್ಟು ಭಾರಕ್ಕೆ ಎಲ್ಲ ಚಪ್ಪಟೆಯಾಗಿರುತ್ತದೆ ಎಂದೆ. ಒಂದು ಚಮಚ ನಂದಿಬೆಟ್ಟದಷ್ಟು ಭಾರ ಎಂದೆ.

"ಅಷ್ಟ್ ಭಾರ ಹೊತ್ಕೊಂಡೂ ತಿರುಗ್ತದಾ, ಪಾಪ."

ಡ್ರೈವರ್ ನನ್ನ ಕಡೆ ವಾಲಿದ. "ಯಾವ್ ಲಾರಿ ಸಾರ್ ಅದು?"

ಅಕ್ಕ ನಗಲು ಹೋದಳು. ನಗು ಅರ್ಧಕ್ಕೆ ನಿಂತು, ತಲೆ ನನ್ನ ಭುಜದ ಮೇಲೆ ಬಿತ್ತು. ಪೆರೇಸಂದ್ರದಲ್ಲಿ ಇಳಿಸಿ ಹೋಗಬೇಕಾಗಿದ್ದವನು ಲಾರಿಯನ್ನು ನಿಲ್ಲಿಸಲೇ ಇಲ್ಲ, ಸೀದಾ ಚಿಕ್ಕಬಳ್ಳಾಪುರದ ದಾರಿಗೆ ತಿರುಗಿಸಿದ. ಅವನ ಹೆಸರು ಕೇಳಲಿಲ್ಲ.

ಡಾಕ್ಟರು ಬೈಯಲಿಲ್ಲ. ಮಲಗಿಸಿದರು, ಸೂಜಿ ಹಾಕಿದರು, ಮಾತ್ರೆಯ ಶೀಶೆಯನ್ನು ಬೆಳಕಿಗೆ ಎತ್ತಿ ಎಷ್ಟು ಉಳಿದಿದೆ ನೋಡಿದರು. ಅವಳಿಗೆ ಎಚ್ಚರವಾದಮೇಲೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ನನ್ನನ್ನು ನೋಡದೆ, ಅವಳನ್ನೇ ಕೇಳಿದರು. "ನಿನ್ನೆ ನಾಡಿ ಎಣಿಸಿದೋರು ಯಾರಮ್ಮ? ಎಷ್ಟಿದೆ ಅಂತ ಗೊತ್ತಾಗ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ನನ್ ತಮ್ಮ ನಿನ್ನೇನೇ ಹೇಳ್ದ, ಮಾತ್ರೆ ನಿಲ್ಸು, ಆಸ್ಪತ್ರೆಗ್ ಹೋಗಣ ಅಂತ. ನಾನೇ ಕೇಳ್ಲಿಲ್ಲ ಡಾಕ್ಟ್ರೇ."

ಡಾಕ್ಟರು ನನ್ನ ಬೆನ್ನು ತಟ್ಟಿ ಎದ್ದು ಹೋದರು.

ಮಾತ್ರೆ ನಿಲ್ಲಿಸಿದ ಮೇಲೆ ನಾಲ್ಕನೇ ದಿನವೋ ಐದನೇ ದಿನವೋ ಅವಳ ನಾಡಿ ಮತ್ತೆ ಕೆಟ್ಟಿತು. ಮೂರು ಒಟ್ಟಿಗೆ, ಒಂದು ತಡವಾಗಿ, ಎರಡು ತಳ್ಳಾಡಿಕೊಂಡು. ನಾನು ಗಾಬರಿಯಿಂದ ಓಡಿ ಹೇಳಿದರೆ ಡಾಕ್ಟರು ನಕ್ಕರು. "ಅದೇ ಬೇಕಾಗಿತ್ತು ಕಣಪ್ಪ. ಇವಳ ಎದೆಗೆ ಅದೇ ಸರಿ. ಗಡಿಯಾರದಂಗೆ ಹೊಡೆಯೋಕೆ ಶುರುಮಾಡಿದ್ರೆ ಮಾತ್ರೆ ವಿಷ ಆಗಿದೆ ಅಂತ ಅರ್ಥ." ಅದೇ ವರ್ಷ, ಅಥವಾ ಮುಂದಿನ ವರ್ಷ, ವಾಚನಾಲಯದಲ್ಲಿ ಇನ್ನೊಂದು ಲೇಖನ ಓದಿದೆ. ದಕ್ಷಿಣದ ಆಕಾಶದಲ್ಲಿ ಇಂಥದೇ ಇನ್ನೊಂದು ನಕ್ಷತ್ರ, ನಿಧಾನವಾಗುತ್ತ ಹೋಗುತ್ತಿದ್ದದ್ದು, ಇದ್ದಕ್ಕಿದ್ದ ಹಾಗೆ ಒಂದಿಷ್ಟು ಜೋರಾಗಿ ತಿರುಗತೊಡಗಿತಂತೆ. ಗಟ್ಟಿ ಹೊರಚಿಪ್ಪು ಬಿರುಕುಬಿಟ್ಟಿರಬೇಕು ಎಂದು ಕೆಲವರು, ಒಳಗೆ ಬೇರೇನೋ ಇದೆ ಎಂದು ಕೆಲವರು. ಆ ನಕ್ಷತ್ರಗಳ ಕರಾರುವಾಕ್ಕುತನವನ್ನು ನಾನು ನಂಬಿದಷ್ಟು ಅವನ್ನು ಬಲ್ಲವರು ನಂಬಿರಲಿಲ್ಲ.

ಅಕ್ಕ ಆಮೇಲೆ ಹದಿನಾಲ್ಕು ವರ್ಷ ಬದುಕಿದಳು. ಮಾತ್ರೆಯ ಶೀಶೆ ಅತ್ತೆಯ ವಶಕ್ಕೆ ಹೋಯಿತು. ಅವರು ಅದನ್ನು ಹೊಸ ಹುಳದ ಮೊಟ್ಟೆಯಷ್ಟೇ ಜೋಪಾನವಾಗಿ ಕಾದರು. ನನ್ನ ಎಣಿಕೆಯನ್ನು ಮಾತ್ರ ಮನೆಯಲ್ಲಿ ಎಲ್ಲರೂ ನಂಬಿದರು. ಮೇಷ್ಟ್ರು ಹಿಂದಿನ ದಿನವೇ ಹೇಳಿದ್ದರು, ಇವಳೇ ಹಟ ಮಾಡಿದಳು ಎಂಬುದು ಸಾದಲಿಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಭಾವ ಕೂಡ ಹಾಗೇ ಹೇಳುತ್ತಿದ್ದ, ಅವನು ಆ ಊಟದಲ್ಲಿ ನನ್ನ ಎದುರಿಗೇ ಕೂತಿದ್ದವನು. ಕೆಲವು ಸಲ ಅವನು ಹೇಳುವಾಗ ನನಗೂ ಆ ಭಾನುವಾರ ಕಾಣುತ್ತದೆ. ನಾನು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ, ಮಾತ್ರೆ ನಿಲ್ಲಿಸು, ನಾಳೆ ಹೋಗಣ ಎನ್ನುತ್ತಿದ್ದೇನೆ, ಅವಳು ಕೈಬೀಸಿ ಬೇಡ ಎನ್ನುತ್ತಿದ್ದಾಳೆ. ಆ ಚಿತ್ರ ನಡೆದದ್ದರಿಂದ ಬಂತೋ, ಅವರೆಲ್ಲ ಹೇಳಿ ಹೇಳಿ ಬಂತೋ.

ಹದಿನಾಲ್ಕು ವರ್ಷದಲ್ಲಿ ಎಷ್ಟೋ ಭಾನುವಾರ ಅವಳ ಕೈ ಹಿಡಿದು ಕೂತಿದ್ದೇನೆ. ಆ ದಿನ ನಾನು ನಿಜವಾಗಿ ಹೇಳಿದ್ದೆನೇ ಎಂದು ಕೇಳಬಹುದಾಗಿತ್ತು. ಹೌದು, ನೀನು ಹೇಳಿದ್ದೆ ಎಂದು ಅವಳು ಅಂದಿದ್ದರೆ ನಂಬಬೇಕಾಗುತ್ತಿತ್ತು, ಇಲ್ಲ ಎಂದಿದ್ದರೆ ಅದನ್ನೂ ನಂಬಬೇಕಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ. ಅವಳು ಡಾಕ್ಟರಿಗೆ ನಿಜ ಹೇಳಿದಳೋ, ನನ್ನನ್ನು ಉಳಿಸಲು ಸುಳ್ಳು ಹೇಳಿದಳೋ, ನನಗೆ ಗೊತ್ತಿಲ್ಲ.